ಮಗಳ ಆರತಿಗೆ ಸೋದರಮಾವ ಯಾರು: ಬಾಲ್ಯದ ದೌರ್ಜನ್ಯ, ಖಿನ್ನತೆ ಮತ್ತು ಸಂಬಂಧಗಳ ಚಿಕಿತ್ಸೆ – ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವುದು ಯಾವುದೋ ಒಬ್ಬ ಮಹಿಳೆಯ ನೇರ ಚರಿತ್ರೆಯಲ್ಲ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ, ಬೆಳೆದ ಮೇಲೆ ಖಿನ್ನತೆಗೆ ಚಿಕಿತ್ಸೆ ಪಡೆದ ಹಲವು ಮಹಿಳೆಯರ ಅನುಭವಗಳನ್ನು ಒಂದೇ ಕಥನವಾಗಿ ಹೆಣೆದು, ಯಾರ ಗುರುತೂ ಸಿಗದಂತೆ ಊರು, ವೃತ್ತಿ, ವಯಸ್ಸು, ನೆಂಟಸ್ತಿಕೆಗಳನ್ನು ಬದಲಿಸಿ ಬರೆದಿದ್ದೇನೆ. ಹೆಸರು ಇಟ್ಟಿಲ್ಲ. ಚಿಕಿತ್ಸೆಯ ಕ್ರಮ, ಅದರಲ್ಲಿ ನಾನು ಮಾಡಿದ ಒಂದು ತಪ್ಪು, ಆ ತಪ್ಪಿನಿಂದ ನಾನು ಕಲಿತದ್ದು, ಇವು ಇದ್ದಂತೆಯೇ ಇವೆ. ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗಷ್ಟೇ ಅಲ್ಲದೆ, ಇಂಥ ಹೊರೆ ಹೊತ್ತು ಬದುಕುತ್ತಿರುವವರಿಗೂ ಅವರ ಮನೆಯವರಿಗೂ ಇದು ಉಪಯೋಗಕ್ಕೆ ಬರಬಹುದೆಂಬ ಆಸೆಯಿಂದ ವಿವರವಾಗಿ ಬರೆಯುತ್ತಿದ್ದೇನೆ.

ತಲೆನೋವಿನಿಂದ ಶುರುವಾದದ್ದು

ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ದಿನ ಮನೋವೈದ್ಯರು ರೋಗಿಗಳನ್ನು ನೋಡುತ್ತಾರೆ. ಹಳೇ ಮೈಸೂರು ಭಾಗದ ಅಂಥದೊಂದು ಕ್ಲಿನಿಕ್‌ಗೆ 36 ವರ್ಷದ ಈ ಮಹಿಳೆ ಏಪ್ರಿಲ್ ಕೊನೆಯಲ್ಲಿ ಬಂದದ್ದು ತಲೆನೋವಿಗೆಂದು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್ ಕೆಲಸ. ಪತಿ ಹಾಲಿನ ಡೈರಿಯ ವಾಹನ ಓಡಿಸುತ್ತಾರೆ. 12 ವರ್ಷದ ಮಗಳು, 8 ವರ್ಷದ ಮಗ, ಜೊತೆಗೆ ಅತ್ತೆ. ಎರಡೂವರೆ ತಿಂಗಳಿಂದ ತಲೆನೋವು, ಎದೆಭಾರ, ಕೈಕಾಲು ಸೆಳೆತ; ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಖಾಸಗಿ ವೈದ್ಯರಲ್ಲಿ ತೋರಿಸಿ ತಲೆಯ ಸ್ಕ್ಯಾನ್ ಕೂಡ ಮಾಡಿಸಿದ್ದರು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ 9.8ಕ್ಕೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆಯಿಂದ ಸುಸ್ತು ಸ್ವಲ್ಪ ಕಡಿಮೆಯಾಯಿತೇ ಹೊರತು ಉಳಿದದ್ದೇನೂ ಬದಲಾಗಲಿಲ್ಲ. ಕೆಲಸದ ಲೈನಿನಲ್ಲಿ ಹೊಲಿಗೆ ತಪ್ಪಿ ಸೂಪರ್‌ವೈಸರ್‌ನಿಂದ ಬೈಸಿಕೊಳ್ಳುವುದು, ಮನೆಗೆ ಬಂದು ಮಕ್ಕಳ ಮೇಲೆ ಕೂಗಾಡುವುದು, ಆಮೇಲೆ ಬಚ್ಚಲಲ್ಲಿ ನಿಂತು ಅಳುವುದು ದಿನಚರಿಯೇ ಆಗಿಹೋಗಿತ್ತು.

ಖಿನ್ನತೆಯ ತೀವ್ರತೆಯನ್ನು ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ ಆಕೆಯ ಅಂಕ 27ಕ್ಕೆ 19 ಇತ್ತು. ಸತ್ತರೆ ಚೆನ್ನಾಗಿತ್ತು ಎನ್ನಿಸುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆಗೆ "ಹಲವು ದಿನ ಅನ್ನಿಸಿದೆ" ಎಂದರು. ಗದ್ದೆಗೆ ಹೊಡೆಯುವ ಔಷಧಿ ಮನೆಯ ಅಟ್ಟದ ಮೇಲೇ ಇರುತ್ತದೆಂಬುದನ್ನು ಕೇಳಿ ತಿಳಿದು, ಅದನ್ನು ಅಂದೇ ಮೈದುನನ ಶೆಡ್ಡಿಗೆ ಸಾಗಿಸುವಂತೆ ಪತಿಗೆ ಹೇಳಿದೆವು. ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಆಕೆಯ ಫೋನಿನಲ್ಲಿ ಬರೆಸಿ ಕಳಿಸಿದೆವು. ಮನೋವೈದ್ಯರು ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆಯನ್ನು 50 ಮಿಲಿಗ್ರಾಮಿನಿಂದ ಶುರುಮಾಡಿ, ಮಾತಿನ ಚಿಕಿತ್ಸೆಗೆಂದು ನನ್ನ ಬಳಿ ಕಳಿಸಿದರು.

ಎರಡೂವರೆ ತಿಂಗಳ ಹಿಂದೆ ಏನಾಯಿತು ಎಂದು ಕೇಳಿದೆ. ಏನೂ ಇಲ್ಲ, ಮಗಳು ದೊಡ್ಡವಳಾದಳು ಎಂದರು. ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು.

ಮಗಳು ಮೈನೆರೆದಾಗ ಮನೆಮಟ್ಟಿಗೆ ನೀರೆರೆದು ಮುಗಿಸಿದ್ದರು. ನೆಂಟರನ್ನು ಕರೆದು ಮಾಡುವ ಆರತಿಯನ್ನು ಮೊದಲು ಪರೀಕ್ಷೆಗಾಗಿ, ಬಳಿಕ ಪತಿಯ ಕಡೆಯ ಹಿರಿಯರೊಬ್ಬರು ತೀರಿಕೊಂಡದ್ದಕ್ಕಾಗಿ, ಆಮೇಲೆ ಆಷಾಢ ಅಡ್ಡ ಬರುವುದರಿಂದ ಶ್ರಾವಣಕ್ಕೆ ಹಾಕಿದ್ದರು. ಈ ಭಾಗದ ರೂಢಿಯಲ್ಲಿ ಹುಡುಗಿಯನ್ನು ಕೂರಿಸಲು ಹಸಿರು ಸೊಪ್ಪಿನ ಗುಡ್ಲು ಹಾಕಬೇಕಾದವನು ಸೋದರಮಾವ. ಸೀರೆ ತರುವವನೂ ಅವನೇ. ಈಗ ಗುಡ್ಲನ್ನು ಆರತಿಯ ದಿನವೇ ನಾಲ್ಕು ಗರಿ ಕಟ್ಟಿ ಶಾಸ್ತ್ರಕ್ಕೆ ಮಾಡುವುದುಂಟು, ಆದರೆ ಸೋದರಮಾವನ ಜಾಗ ಮಾತ್ರ ಹಾಗೇ ಇದೆ. ಈ ಮಹಿಳೆಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಆದ್ದರಿಂದ ದೊಡ್ಡಪ್ಪನ ಮಗನನ್ನು ಕರೆಸುವುದೆಂದು ಎರಡೂ ಕಡೆಯ ಹಿರಿಯರು ಮಾತಾಡಿಕೊಂಡಿದ್ದರು.

ಆ ದೊಡ್ಡಪ್ಪನ ಮನೆಯಲ್ಲಿ ಈಕೆ 9ನೇ ವಯಸ್ಸಿನಿಂದ 11ರವರೆಗೆ ಇದ್ದರು, ಶಾಲೆ ಹತ್ತಿರವೆಂದು. ಮೂರನೆಯ ಭೇಟಿಯಲ್ಲಿ ಆಕೆ ಹೇಳಿದ್ದು ಎರಡೇ ವಾಕ್ಯ: "ಆ ಮನೇಲಿ ಅವನು ನನ್ನನ್ನ ಹಾಳು ಮಾಡ್ದ ಮೇಡಮ್. ಈಗ ನನ್ನ ಮಗಳಿಗೆ ಗುಡ್ಲು ಹಾಕಕ್ಕೆ ಅವನೇ ಬರ್ತಾನೆ."

ಇಂಥ ಮಾತು ಕೇಳಿದಾಗ ನಂಬದಿರುವವರು, ಇದು ಎಲ್ಲೋ ಅಪರೂಪ ಎನ್ನುವವರು ಇಂದಿಗೂ ಇದ್ದಾರೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ರಾಜ್ಯಗಳ 12,447 ಮಕ್ಕಳ ಪೈಕಿ ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ಹೇಳಿದ್ದರು. ಹಾಗೆ ನಡೆದುಕೊಂಡವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು.

ಯಾವ ಚಿಕಿತ್ಸೆ, ಯಾಕೆ

ಖಿನ್ನತೆಯ ಜೊತೆ ಬಾಲ್ಯದ ದೌರ್ಜನ್ಯದ ಹಿನ್ನೆಲೆ ಇದ್ದಾಗ ರೋಗದ ನಡೆಯೇ ಬೇರೆ ಇರುತ್ತದೆ. ನಾನಿ, ಉಹೆರ್ ಮತ್ತು ಡಾನೆಸೆ 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಅಂಥವರಲ್ಲಿ ಖಿನ್ನತೆ ಮರುಕಳಿಸುವ ಅಥವಾ ದೀರ್ಘಕಾಲ ಉಳಿಯುವ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಚಿಕಿತ್ಸೆಗೆ ಸ್ಪಂದನೆಯೂ ಕಡಿಮೆ. ಅದಕ್ಕೂ ಮುಂಚೆ, 2003ರಲ್ಲಿ, ನೆಮೆರಾಫ್ ಮತ್ತು ಸಂಗಡಿಗರು ದೀರ್ಘಕಾಲದ ಖಿನ್ನತೆಯಿದ್ದ 681 ಜನರ ಅಧ್ಯಯನವೊಂದನ್ನು ಪರಿಶೀಲಿಸಿ, ಬಾಲ್ಯದ ಆಘಾತ ಅನುಭವಿಸಿದವರಲ್ಲಿ ಔಷಧಿಯೊಂದೇ ಕೊಟ್ಟದ್ದಕ್ಕಿಂತ ಮಾತಿನ ಚಿಕಿತ್ಸೆ ಮೇಲಾಗಿತ್ತೆಂದು ತೋರಿಸಿದ್ದರು. ನಮ್ಮ ಮಂಗಳವಾರದ ಸಾಲು ನೋಡಿದರೆ ಮಾತ್ರೆ ಬರೆದು ಕಳಿಸುವುದೇ ಸುಲಭದ ದಾರಿ ಎನಿಸುತ್ತದೆ. ಹಾಗೆ ಕಳಿಸಿದವರಲ್ಲಿ ಎಷ್ಟೋ ಮಂದಿ ವರ್ಷದೊಳಗೆ ಅದೇ ತಲೆನೋವು ಹೊತ್ತು ಮತ್ತೆ ಬಂದದ್ದನ್ನು ಕಂಡಿದ್ದೇನೆ.

ನಾವು ಆರಿಸಿಕೊಂಡದ್ದು ಇಂಟರ್‌ಪರ್ಸನಲ್ ಸೈಕೋಥೆರಪಿ, ಅಂದರೆ ಸಂಬಂಧಗಳನ್ನೇ ಕೇಂದ್ರವಾಗಿಟ್ಟುಕೊಂಡ ಚಿಕಿತ್ಸೆ. ಅಮೆರಿಕದಲ್ಲಿ ಜೆರಾಲ್ಡ್ ಕ್ಲೆರ್ಮನ್, ಮಿರ್ನಾ ವೈಸ್‌ಮನ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಈ ವಿಧಾನದಲ್ಲಿ ಖಿನ್ನತೆಯನ್ನು ಕಾಯಿಲೆಯೆಂದೇ ಹೆಸರಿಟ್ಟು ಹೇಳುತ್ತಾರೆ. ಅದು ಶುರುವಾದ ಹೊತ್ತಿನಲ್ಲಿ ಸಂಬಂಧಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಹುಡುಕುತ್ತಾರೆ. ಸಾವಿನ ದುಃಖ, ಮನೆಯೊಳಗಿನ ತಿಕ್ಕಾಟ, ಬದುಕಿನ ಹಂತದ ಬದಲಾವಣೆ, ಒಂಟಿತನ ಇವುಗಳಲ್ಲಿ ಒಂದನ್ನೋ ಎರಡನ್ನೋ ಹಿಡಿದು ಅದರ ಮೇಲೆಯೇ ಕೆಲಸ ಮಾಡುತ್ತಾರೆ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೊಳಗಾದ, ಖಿನ್ನತೆಯಿರುವ ಮಹಿಳೆಯರಿಗಾಗಿ ಇದನ್ನು ಹೊಂದಿಸಿದವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದ ನ್ಯಾನ್ಸಿ ಟ್ಯಾಲ್ಬಟ್ ಮತ್ತು ಸಂಗಡಿಗರು. ಸಮುದಾಯ ಮಾನಸಿಕ ಆರೋಗ್ಯ ಕೇಂದ್ರದಲ್ಲಿ 70 ಮಹಿಳೆಯರ ಮೇಲೆ ನಡೆಸಿದ ಅವರ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅಲ್ಲಿನ ಎಂದಿನ ಚಿಕಿತ್ಸೆಗಿಂತ ಇದರಲ್ಲಿ ಖಿನ್ನತೆ, ಆಘಾತೋತ್ತರ ಲಕ್ಷಣಗಳು, ಮತ್ತು ತನ್ನ ಬಗ್ಗೆ ತನಗೇ ಇರುವ ಹೇಸಿಗೆ ಹೆಚ್ಚು ತಗ್ಗಿದವು. ನನ್ನನ್ನು ಸೆಳೆದದ್ದು ಅದರ ಏರ್ಪಾಡು: 16 ಭೇಟಿಗಳನ್ನು 16 ವಾರಗಳಲ್ಲಿ ಮುಗಿಸದೆ 36 ವಾರಗಳವರೆಗೆ ಹಿಗ್ಗಿಸಿದ್ದರು. ಬಡತನ, ಮಕ್ಕಳ ಕಾಯಿಲೆ, ಬಸ್ಸು ಸಿಗದಿರುವುದು, ಇವೆಲ್ಲ ಅಲ್ಲಿಯ ಮಹಿಳೆಯರಿಗೂ ಇದ್ದವು. ನಮ್ಮಲ್ಲಿ ಮಂಗಳವಾರ ರಜೆ ಹಾಕಿದರೆ ಹಾಜರಿ ಬೋನಸ್ ಹೋಗುತ್ತದೆ. ವಾರವಾರವೂ ಬನ್ನಿ ಎನ್ನುವುದು ಬರಬೇಡಿ ಎಂದಂತೆಯೇ.

ಇನ್ನೊಂದು ಕಾರಣವೂ ಇತ್ತು. ನಡೆದುಹೋದದ್ದನ್ನು ಮತ್ತೆ ಮತ್ತೆ ವಿವರವಾಗಿ ಹೇಳಿಸಿ ಅದರ ಭಯ ಕಳೆಯುವ ಚಿಕಿತ್ಸಾ ವಿಧಾನಗಳಿವೆ, ಅವುಗಳಿಂದ ಪ್ರಯೋಜನ ಪಡೆದವರೂ ಇದ್ದಾರೆ. ಆದರೆ ಜಾನ್ ಮಾರ್ಕೊವಿಟ್ಜ್ ತಂಡ 110 ಜನರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಘಾತದ ನೆನಪನ್ನು ಹಾಗೆ ಕೆದಕದ ಸಂಬಂಧ ಕೇಂದ್ರಿತ ಚಿಕಿತ್ಸೆಯ ಫಲಿತಾಂಶ ಅದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಪರದೆಯೊಂದನ್ನು ಎಳೆದು ಇಬ್ಬರು ರೋಗಿಗಳನ್ನು ಕೂರಿಸುವ ನಮ್ಮ ಕೊಠಡಿಯಲ್ಲಿ, ಮುಂದಿನ ಭೇಟಿಗೆ ಎರಡು ವಾರ ಕಾಯಬೇಕಾದವರ ಗಾಯವನ್ನು ಬಿಚ್ಚಿ ಮನೆಗೆ ಕಳಿಸುವ ಧೈರ್ಯ ನನಗಿರಲಿಲ್ಲ. ಆ ವಿವರಗಳನ್ನು ನಾನು ಕೇಳಲಿಲ್ಲ. ಕೇಳುವುದಿಲ್ಲ ಎಂದು ಹೇಳಿದಾಗ ಆಕೆ ದೀರ್ಘವಾಗಿ ಉಸಿರು ಬಿಟ್ಟದ್ದು ನೆನಪಿದೆ.

ಗೋಪ್ಯತೆಯ ಮಿತಿಯನ್ನು ಮೊದಲ ದಿನವೇ ಹೇಳಿದ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆಕೆ ಹೇಳಿದ್ದು ಗೋಪ್ಯವಾಗಿರುತ್ತದೆ. ಆದರೆ ಈಗ ಯಾವುದಾದರೂ ಮಗುವಿಗೆ ಅಪಾಯವಿದೆಯೆಂಬ ಶಂಕೆ ಬಂದರೆ, 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿಸಲೇಬೇಕಾಗುತ್ತದೆ. ಆಕೆಗೆ ಆದದ್ದು ಆ ಕಾಯ್ದೆಗಿಂತ ಬಹಳ ಹಿಂದಿನದು. ಆ ಮನೆಯಲ್ಲಿ ಈಗ ಚಿಕ್ಕ ಮಕ್ಕಳಿದ್ದಾರೆಯೇ, ನಿಮ್ಮ ಮಗಳು ಅಲ್ಲಿ ಒಂಟಿಯಾಗಿ ಉಳಿದದ್ದುಂಟೇ ಎಂದು ಕೇಳಿದೆ. ಅವನ ಇಬ್ಬರು ಗಂಡುಮಕ್ಕಳು ಹಾಸ್ಟೆಲಿನಲ್ಲಿ ಓದುತ್ತಿದ್ದರು. ಮಗಳನ್ನು ಆ ಊರಿಗೇ ಕಳಿಸಿರಲಿಲ್ಲ. ಪೊಲೀಸರಿಗೆ ದೂರು ಕೊಡುವ ದಾರಿಯನ್ನು ವಿವರಿಸಿದಾಗ ಬೇಡವೆಂದರು. ಅದು ಆಕೆಯ ತೀರ್ಮಾನವಾಗಿತ್ತು; ನಾನು ಒತ್ತಾಯಿಸಲಿಲ್ಲ. ಆ ಸಂಯಮವನ್ನು ಇನ್ನೊಂದು ವಿಷಯದಲ್ಲಿ ನಾನು ತೋರಲಿಲ್ಲ ಎಂಬುದೇ ಮುಂದಿನ ಕಥೆ.

ವೃತ್ತಗಳು

ಈ ಚಿಕಿತ್ಸೆಯ ಆರಂಭದಲ್ಲಿ ರೋಗಿಯ ಬದುಕಿನಲ್ಲಿರುವ ಮುಖ್ಯ ವ್ಯಕ್ತಿಗಳನ್ನೆಲ್ಲ ಒಂದೊಂದಾಗಿ ಕೇಳಿ ತಿಳಿಯುವುದಿದೆ. ಹಾಳೆಯ ನಡುವೆ ಆಕೆಯ ಹೆಸರು, ಸುತ್ತ ಮೂರು ವೃತ್ತ. ಯಾರು ಎಷ್ಟು ಹತ್ತಿರವೋ ಅಲ್ಲಿ ಬರೆಯಬೇಕು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಆಕೆ ತಾವೇ ಪೆನ್ನು ತೆಗೆದುಕೊಂಡರು. ಹೊಲಿಗೆ ಲೈನಿನಲ್ಲಿ ಪಕ್ಕದ ಮಷಿನ್ನಿನ ಗೆಳತಿ ಒಳಗಿನ ವೃತ್ತಕ್ಕೆ ಬಂದರು, ಪತಿ ಎರಡನೆಯದಕ್ಕೆ. ತಾಯಿಯನ್ನು ಹಾಳೆಯ ಅಂಚಿನಲ್ಲಿ ಬರೆದರು. ಮಗಳ ಹೆಸರನ್ನು ತಮ್ಮ ಹೆಸರಿನ ಮೇಲೆಯೇ ಬರೆದರು. ಎರಡೂ ಅಕ್ಷರ ಕಲಸಿಹೋಗಿ ಓದಲಾಗದಂತಾಯಿತು. ಅದನ್ನು ಆಕೆಯೂ ನೋಡಿದರು.

ಮಗಳ ಜೊತೆ ಏನು ನಡೆಯುತ್ತಿತ್ತು ಎಂಬುದಕ್ಕೆ ಆ ಹಾಳೆಯೇ ಸಾಕ್ಷಿ. ಮೈನೆರೆದ ದಿನದಿಂದ ಆ ಹುಡುಗಿ ಟ್ಯೂಷನ್ನಿಗೆ ಹೋಗುವಂತಿಲ್ಲ, ಗೆಳತಿಯ ಮನೆಗೆ ಹೋಗುವಂತಿಲ್ಲ, ಅಜ್ಜಿಯ ಜೊತೆ ಜಗಲಿಯ ಮೇಲೆ ಕೂತರೂ ಒಳಗೆ ಬಾ ಎಂಬ ಕೂಗು. ಒಂದು ಸಂಜೆ ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ ಕಪಾಳಕ್ಕೆ ಹೊಡೆದಿದ್ದರು. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು. 9ರಿಂದ 11ರ ವಯಸ್ಸಿನ ಆ ಮಗುವನ್ನು ಯಾರೂ ಕಾಯಲಿಲ್ಲ, ಆ ಮಗುವನ್ನೇ ಈಕೆ ಈಗ ಮಗಳ ರೂಪದಲ್ಲಿ ಕಾಯುತ್ತಿದ್ದಾರೆ ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ, ಆಕೆಗೆ ಹೇಳಲಿಲ್ಲ. ಕೆಲವು ತಿಂಗಳ ಬಳಿಕ ಆಕೆಯೇ ಬೇರೆ ಮಾತಿನಲ್ಲಿ ಅದನ್ನು ನನಗೆ ಹೇಳಿದರು.

ಪತಿಯ ಬಗ್ಗೆ ದೂರು ಹೆಚ್ಚಿರಲಿಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸಂಬಳ ತಂದುಕೊಡುತ್ತಾರೆ. ಆದರೆ ರಾತ್ರಿ ಹತ್ತಿರ ಬಂದರೆ ತಮ್ಮ ಮೈ ಮರಗಟ್ಟುತ್ತದೆಂದೂ, ಅದನ್ನು ಅವರು ತಿರಸ್ಕಾರವೆಂದು ತಿಳಿದು ಮುಖ ಊದಿಸಿಕೊಳ್ಳುತ್ತಾರೆಂದೂ, ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಬೇಡವೆಂದು ಬಾಯಿಬಿಟ್ಟು ಹೇಳಿಲ್ಲವೆಂದೂ ಹೇಳಿದರು.

ನಾಲ್ಕನೆಯ ಭೇಟಿಯ ಹೊತ್ತಿಗೆ ನಿದ್ದೆ ತುಸು ಸುಧಾರಿಸಿ ಅಂಕ 16ಕ್ಕೆ ಇಳಿದಿತ್ತು. ಆರತಿಯ ವಿಚಾರದಲ್ಲಿ ಪತಿಯೊಂದಿಗಿನ ತಿಕ್ಕಾಟ, ಮಗಳು ದೊಡ್ಡವಳಾಗುತ್ತಿರುವ ಬದಲಾವಣೆ, ಈ ಎರಡನ್ನು ಹಿಡಿದು ಕೆಲಸ ಮಾಡೋಣವೆಂದು ಒಪ್ಪಿಕೊಂಡೆವು.

ನನ್ನ ತಪ್ಪು

ಐದನೆಯ ಭೇಟಿಯಲ್ಲಿ ನಾನು ಅವಸರ ಮಾಡಿದೆ. ಆರತಿಗೆ ಅವನು ಬರುವುದನ್ನು ತಡೆಯಬೇಕೆಂದರೆ ಪತಿಗೆ ವಿಷಯ ತಿಳಿದಿರಬೇಕು, ತಿಳಿದರೆ ಹದಿನಾಲ್ಕು ವರ್ಷದ ತಪ್ಪು ತಿಳಿವಳಿಕೆಯೂ ಕರಗುತ್ತದೆ ಎಂದು ನನ್ನೊಳಗೇ ಲೆಕ್ಕ ಹಾಕಿ, ಪತಿಗೆ ಹೇಗೆ ಹೇಳಬಹುದೆಂಬ ವಾಕ್ಯಗಳನ್ನೂ ಸಿದ್ಧಮಾಡಿಕೊಟ್ಟೆ. ಆಕೆ ತಲೆಯಾಡಿಸಿದರು. ಅದನ್ನು ಒಪ್ಪಿಗೆಯೆಂದು ತಿಳಿದೆ. ಎದುರಿಗಿರುವವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬದುಕುಳಿದವರು ಇವರು ಎಂಬುದು ನನ್ನ ಟಿಪ್ಪಣಿಯಲ್ಲೇ ಇತ್ತು, ಆದರೂ ಆ ಹೊತ್ತಿಗೆ ನೆನಪಾಗಲಿಲ್ಲ.

ಮುಂದಿನ ಎರಡು ಭೇಟಿಗೆ ಆಕೆ ಬರಲಿಲ್ಲ. ಆಶಾ ಕಾರ್ಯಕರ್ತೆಯ ಮೂಲಕ, ಯಾವ ಕಾರಣಕ್ಕೆ ಎಂಬುದನ್ನು ಹೇಳದೆ, ಮಾತ್ರೆ ಮುಗಿದಿದ್ದರೆ ಬಂದು ತೆಗೆದುಕೊಳ್ಳಬೇಕಂತೆ ಎಂದಷ್ಟೇ ಹೇಳಿಸಿದೆವು. ಆಷಾಢದ ನಡುವೆ ಬಂದಾಗ ಅಂಕ 20ಕ್ಕೆ ಏರಿತ್ತು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದ ಮಾತನ್ನು ಅಂದೇ ಬರೆದಿಟ್ಟುಕೊಂಡಿದ್ದೇನೆ: "ಅವತ್ತು ನಮ್ಮವ್ವ ಯಾರಿಗೂ ಹೇಳ್ಬೇಡ ಅಂದ್ಲು. ಈಗ ನೀವು ಹೇಳು ಅಂತೀರಿ. ನಂಗೆ ಏನು ಬೇಕು ಅಂತ ಯಾರೂ ಕೇಳ್ಲಿಲ್ಲ."

ನಾನು ಕ್ಷಮೆ ಕೇಳಿದೆ. ನೀವು ಹೇಳುವುದು ಸರಿ, ನಾನು ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿದರು. ತನ್ನ ಮಾತಿಗೆ ಎದುರಿನವರು ಸಿಟ್ಟಾಗಲಿಲ್ಲ, ಅಳಲಿಲ್ಲ, ಮಾತು ತೇಲಿಸಲಿಲ್ಲ, ತಪ್ಪು ಒಪ್ಪಿಕೊಂಡರು ಎಂಬ ಅನುಭವ ಆಕೆಗೆ ಹೊಸದಾಗಿತ್ತೆಂದು ಆಮೇಲೆ ತಿಳಿಯಿತು. ಚಿಕಿತ್ಸೆಯಲ್ಲಿ ಏನು ಕೆಲಸ ಮಾಡಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಭೇಟಿಯನ್ನು. ಬಾಯಿಬಿಟ್ಟು ಹೇಳುವುದೇ ಗುಣವಾಗುವ ಲಕ್ಷಣವೆಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಗಟ್ಟಿಯಾಗಿದೆ. ಹೇಳಬೇಕೋ ಬೇಡವೋ, ಯಾರಿಗೆ, ಎಷ್ಟು, ಯಾವಾಗ ಎಂಬುದು ಅವರ ಕೈಯಲ್ಲಿರಬೇಕು; ಬಾಲ್ಯದಲ್ಲಿ ಕಸಿದುಕೊಂಡದ್ದು ಅದನ್ನೇ. ಅದನ್ನು ಗುಣಪಡಿಸುವ ಹೆಸರಿನಲ್ಲಿ ಇನ್ನೊಮ್ಮೆ ಕಸಿಯುವ ಹಕ್ಕು ಚಿಕಿತ್ಸಕರಿಗಿಲ್ಲ.

ಮನೋವೈದ್ಯರು ಸರ್ಟ್ರಾಲಿನ್ ಅನ್ನು 100 ಮಿಲಿಗ್ರಾಮಿಗೆ ಏರಿಸಿದರು. ಆರತಿಯವರೆಗೆ ಭೇಟಿಗಳನ್ನು ಹತ್ತಿರಕ್ಕೆ ತಂದೆವು.

ಒಂದು ಜಗಳದ ಸಾಲುಸಾಲು

ಈಗ ಆಕೆಯನ್ನೇ ಕೇಳಿದೆ, ನಿಮಗೆ ಏನು ಬೇಕು? ಬಹಳ ಹೊತ್ತು ಸುಮ್ಮನಿದ್ದರು. ಅವನು ನನ್ನ ಮಗಳ ಶಾಸ್ತ್ರಕ್ಕೆ ಕೈಹಾಕಬಾರದು, ಇವರು ನನ್ನ ಕಡೆ ನಿಲ್ಲಬೇಕು, ಆದರೆ ವಿಷಯ ಇವರಿಗೆ ಗೊತ್ತಾಗಬಾರದು ಎಂದರು. ಮೊದಲ ಕೇಳಿಕೆಯಲ್ಲಿ ಇದು ಆಗದ ಮಾತು ಅನ್ನಿಸಿತು. ಆದರೆ ಆಗದು ಎಂದು ತೀರ್ಮಾನಿಸುವ ಮುಂಚೆ ಹಿಂದಿನ ಭಾನುವಾರ ನಡೆದ ಜಗಳವೊಂದನ್ನು ಒಂದೊಂದೇ ಮಾತಾಗಿ ಬಿಡಿಸಿ ನೋಡಿದೆವು. ಈ ಚಿಕಿತ್ಸೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಇದು. ಜಗಳವಾಯಿತು ಎನ್ನುವುದು ಸಾಲದು. ಯಾರು ಏನೆಂದರು, ಆಗ ಒಳಗೆ ಏನಾಯಿತು, ಏನು ಹೇಳಬೇಕೆಂದಿದ್ದಿರಿ, ಏನು ಹೇಳಿದಿರಿ ಎಂದು ಕೇಳುತ್ತ ಹೋಗಬೇಕು.

ಪತಿ ಊಟಕ್ಕೆ ಕೂತು, "ನಿಮ್ಮಣ್ಣಂಗೆ ಫೋನ್ ಮಾಡ್ದಾ? ದಿನ ಹೇಳ್ಬೇಕಲ್ಲ" ಎಂದಿದ್ದರು. ಆಕೆ ಉತ್ತರಿಸದೆ ಅನ್ನದ ಪಾತ್ರೆಯನ್ನು ಸದ್ದಾಗುವಂತೆ ಇಟ್ಟಿದ್ದರು. "ಏನಾಯ್ತು ಈಗ?" ಎಂದರೆ, "ನಿಮಗೇನು, ಎಲ್ಲಾ ನಾನೇ ಸಾಯ್ಬೇಕು" ಎಂದಿದ್ದರು. "ಯಾವುದಕ್ಕೂ ನಿಂದು ಇದೇ ಆಯ್ತು" ಎಂದು ಪತಿ ತಟ್ಟೆ ಬಿಟ್ಟೆದ್ದರು. ಆಮೇಲೆ ಮೂರು ದಿನ ಮಾತಿಲ್ಲ.

ಆ ಮಾತುಗಳಲ್ಲಿ ನಿಮಗೆ ಬೇಕಾದದ್ದು ಎಲ್ಲಿದೆ ಎಂದು ಕೇಳಿದೆ. ಆಕೆ ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡವರಂತೆ ಕೂತು, "ಇಲ್ಲ, ನಾನು ಕೇಳೇ ಇಲ್ಲ" ಎಂದರು. ಪತಿಗೆ ಕೇಳಿಸಿದ್ದು ಕೆಲಸದ ಹೊರೆಯ ದೂರು. ಅಣ್ಣ ಬೇಡ ಎಂಬುದು ಒಂದು ಸಲವೂ ಬಾಯಿಗೆ ಬಂದಿರಲಿಲ್ಲ. ಬೇಡವೆಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಎಲ್ಲ ಹೇಳಬೇಕು, ಹೇಳಿದರೆ ಮನೆ ಉಳಿಯದು, ಆದ್ದರಿಂದ ಮೊದಲ ಬೇಡವನ್ನೇ ನುಂಗಬೇಕು. ಈ ಸರಪಳಿ ಆಕೆಯೊಳಗೆ ಎಷ್ಟು ಬೇಗ ಓಡುತ್ತಿತ್ತೆಂದರೆ ಅದರ ಕೊಂಡಿಗಳೇ ಕಾಣುತ್ತಿರಲಿಲ್ಲ. ಬೇಡವೆಂಬುದಕ್ಕೂ ಕಾರಣ ಹೇಳುವುದಕ್ಕೂ ನಡುವೆ ಜಾಗವಿದೆ, ಕಾರಣ ಇದೆ ಆದರೆ ಈಗ ಹೇಳಲಾರೆ ಎಂಬುದೂ ಒಂದು ಪೂರ್ಣ ಉತ್ತರವೇ ಎಂಬ ಯೋಚನೆ ಆಕೆಗೆ ಬಂದೇ ಇರಲಿಲ್ಲ.

ಇನ್ನು ಶಾಸ್ತ್ರದ ಪ್ರಶ್ನೆ. ಆರತಿಯನ್ನೇ ಬಿಡುವುದು, ಸೋದರಮಾವನಿಲ್ಲದೆ ಮುತ್ತೈದೆಯರಷ್ಟೇ ಮಾಡುವುದು, ಬೇರೆಯವರನ್ನು ಕರೆಯುವುದು, ಹೀಗೆ ಒಂದೊಂದನ್ನೂ ತೂಗಿ ನೋಡಿದೆವು. ಆರತಿ ಬಿಡುವುದಕ್ಕೆ ಆಕೆ ಒಪ್ಪಲಿಲ್ಲ. ಮಗಳಿಗೆ ಸೀರೆ ಉಡಿಸಿ ನೋಡಬೇಕೆಂಬ ಆಸೆ ಆಕೆಗೂ ಇತ್ತು. ಅವನಿಗಾಗಿ ಅದನ್ನೂ ಬಿಟ್ಟುಕೊಡಬೇಕೇ ಎಂದು ಕೇಳಿದಾಗ ನಾನು ಮೊದಲ ಬಾರಿ ಆಕೆಯ ಧ್ವನಿಯಲ್ಲಿ ಸಿಟ್ಟು ಕೇಳಿದೆ. ಆಮೇಲೆ ತಾವೇ ದಾರಿ ಕಂಡುಕೊಂಡರು: ಚಿಕ್ಕವ್ವನ ಮಗನೂ ತಮ್ಮನೇ ಆಗುತ್ತಾನೆ, ಬೆಂಗಳೂರಿನಲ್ಲಿದ್ದಾನೆ, ಕರೆದರೆ ಬರುತ್ತಾನೆ.

ಹೇಳಬೇಕಾದ ಮಾತನ್ನು ಆಕೆಯೇ ಕಟ್ಟಿದರು. ನಾನು ಪತಿಯ ಪಾತ್ರ ವಹಿಸಿ ಬೇಕೆಂದೇ ಸಿಡಿಮಿಡಿಗೊಂಡೆ, ಯಾಕೆ ಯಾಕೆ ಎಂದು ಕಾಡಿದೆ. ಮೂರನೆಯ ಸಲಕ್ಕೆ ಧ್ವನಿ ನಡುಗಲಿಲ್ಲ. ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ, ಹೇಳಿದ್ದು ಹೀಗೆ: "ದೊಡ್ಡಪ್ಪನ ಮನೆಯವರು ನಮ್ಮ ಮಗಳ ಶಾಸ್ತ್ರಕ್ಕೆ ಬೇಡ. ಕಾರಣ ಐತೆ. ಈಗ ಹೇಳಕ್ಕಾಗಲ್ಲ, ಕೇಳ್ಬೇಡಿ. ಚಿಕ್ಕವ್ವನ ಮಗನ್ನ ಕರೆಯೋಣ. ಹಿರೀಕರ ಮುಂದೆ ನೀವು ನನ್ನ ಜೊತೆ ನಿಂತ್ರೆ ಸಾಕು."

ಪತಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಬೆಳಗಿನ ಹಾಲಿನ ಗಾಡಿಗೆ ಹೋಗುವ ಮುಂಚೆ, ಆ ಹುಡುಗನ ನಂಬರ್ ಕೊಡು, ನಾನೇ ಮಾತಾಡ್ತೀನಿ ಎಂದರಂತೆ.

ಆರತಿಗೆ ಮುಂಚಿನ ಭೇಟಿಗೆ, ಆಕೆಯ ಒಪ್ಪಿಗೆ ಪಡೆದು, ಪತಿಯನ್ನೂ ಕರೆದೆ. ಖಿನ್ನತೆಯೆಂದರೆ ಏನು, ಅದು ಸೋಮಾರಿತನವೋ ತಿರಸ್ಕಾರವೋ ಅಲ್ಲವೆಂಬುದು, ಮಾತ್ರೆಯನ್ನು ಎಷ್ಟು ಕಾಲ ನಿಲ್ಲಿಸಬಾರದೆಂಬುದು, ಇಷ್ಟನ್ನೇ ಮಾತಾಡಿದೆವು. ಏಳುವಾಗ ಅವರು ನನ್ನನ್ನು ಕೇಳಿದರು: "ನಾನು ಏನಾದ್ರೂ ತಪ್ಪು ಮಾಡಿದೀನಾ ಮೇಡಮ್?" ಆಕೆಯೇ, "ಇಲ್ಲ, ನಿಮ್ಮದಲ್ಲ" ಎಂದು ಉತ್ತರಿಸಿದರು. ಹದಿನಾಲ್ಕು ವರ್ಷ ಆ ಮನುಷ್ಯ ಈ ಒಂದು ಮಾತಿಗಾಗಿ ಕಾಯುತ್ತಿದ್ದರೆಂದು ಅವರ ಮುಖ ನೋಡಿದಾಗ ಅನ್ನಿಸಿತು. ಪತಿಗೆ ವಿಷಯ ಗೊತ್ತಾಗದೆಯೇ ಸಂಬಂಧ ಸುಧಾರಿಸಲು ಸಾಧ್ಯವೆಂದು ನಾನು ನಂಬಿರಲಿಲ್ಲ. ನನ್ನ ಆ ಅಪನಂಬಿಕೆ ಅಂದು ಸಡಿಲವಾಯಿತು.

ಆರತಿ ಮತ್ತು ಅದರ ನಂತರ

ಆರತಿ ನಡೆಯಿತು. ಚಿಕ್ಕವ್ವನ ಮಗ ಗರಿ ಕಟ್ಟಿದ, ಹಸಿರು ಸೀರೆ ತಂದ. ದೊಡ್ಡಪ್ಪನ ಮನೆಯವರು ಮುನಿಸಿಕೊಂಡು ಯಾರೂ ಬರಲಿಲ್ಲ. ಅತ್ತೆ ನಾಲ್ಕು ಜನರ ಮುಂದೆ ಕೊಂಕು ನುಡಿದಾಗ ಪತಿ, ನಾನೇ ಹೇಳಿದ್ದು ಎಂದು ಮಾತು ಮುಗಿಸಿದರಂತೆ.

ತಾಯಿ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಅದೇ ದೊಡ್ಡಪ್ಪನ ಮನೆಯ ಪಕ್ಕದಲ್ಲಿ, ಅವರು ಉಳುವ ಜಮೀನಿನ ಪಾಲನ್ನೇ ನಂಬಿ ಬದುಕುವ ಹೆಂಗಸು. ಯಾಕೆ ದೊಡ್ಡಪ್ಪನ ಮಗನನ್ನು ಕರೆಯಲಿಲ್ಲವೆಂದು ಎಲ್ಲರೂ ಕೇಳಿದರು, ತಾಯಿ ಮಾತ್ರ ಕೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮೊಮ್ಮಗಳ ಪಕ್ಕದಿಂದ ಏಳಲಿಲ್ಲ.

ತಾಯಿಯ ಬಗೆಗಿನ ಮಾತು ಆರತಿಯ ಬಳಿಕವೇ ಬಿಚ್ಚಿಕೊಂಡದ್ದು, ಮತ್ತು ಚಿಕಿತ್ಸೆಯ ಉತ್ತರಾರ್ಧದಲ್ಲಿ ಹೆಚ್ಚಿನ ಹೊತ್ತು ಅದಕ್ಕೇ ಹೋಯಿತು. 11ನೇ ವಯಸ್ಸಿನಲ್ಲಿ ಹೇಳಿಕೊಂಡಾಗ ತಾಯಿ, "ಯಾರ ಮುಂದೂ ಬಾಯಿ ಬಿಡ್ಬೇಡ" ಎಂದಿದ್ದರು. ಇಪ್ಪತ್ತೈದು ವರ್ಷ ಆಕೆಯ ನೆನಪಿನಲ್ಲಿ ಉಳಿದದ್ದು ಈ ಮಾತು. ಮರುದಿನ ಏನಾಯಿತು ಎಂದು ಕೇಳಿದಾಗ, ಬಟ್ಟೆಬರೆ ಗಂಟು ಕಟ್ಟಿಕೊಂಡು ತಾಯಿ ತನ್ನನ್ನು ಊರಿಗೆ ಕರೆತಂದದ್ದು, ಆ ಶಾಲೆ ಬಿಡಿಸಿ ನಾಲ್ಕು ಮೈಲಿ ನಡೆದು ಹೋಗಬೇಕಾದ ಇನ್ನೊಂದು ಶಾಲೆಗೆ ಸೇರಿಸಿದ್ದು ನೆನಪಾಯಿತು. ಬಾಯಿ ಮುಚ್ಚಿಸಿದವಳೂ ಅಲ್ಲಿಂದ ಎಳೆದುತಂದವಳೂ ಒಬ್ಬಳೇ. ಇದರಿಂದ ತಾಯಿಯನ್ನು ಕ್ಷಮಿಸಬೇಕೆಂದು ನಾನು ಸೂಚಿಸಲಿಲ್ಲ, ಆಕೆಯೂ ಕ್ಷಮಿಸಿದೆನೆಂದು ಹೇಳಲಿಲ್ಲ. ತನ್ನ ಕಡೆ ನಿಂತು ಜಗಳವಾಡುವ ತಾಯಿ ತನಗಿರಲಿಲ್ಲ, ಇನ್ನು ಬರುವುದೂ ಇಲ್ಲ ಎಂದು ಅತ್ತರು. ಸಾವಿಗೆ ಅಳುವ ಅಳುವೇ ಅದು. ದಸರಾ ಕಳೆದ ಮೇಲೆ ತಾಯಿಗೆ ವಾರಕ್ಕೊಮ್ಮೆ ಫೋನ್ ಮಾಡತೊಡಗಿದರು, ಐದು ನಿಮಿಷ, ಆರೋಗ್ಯದ ಮಾತಷ್ಟೇ. ಅದಕ್ಕಿಂತ ಹೆಚ್ಚು ಬೇಡವೆಂದು ತಾವೇ ಮಿತಿ ಹಾಕಿಕೊಂಡರು.

ಮಗಳ ಜೊತೆ ಮಾತು ಮರಳಿದ್ದು ಜಡೆ ಹಾಕುವ ಹೊತ್ತಿನಲ್ಲಿ. ಎದುರುಬದುರು ಕೂತರೆ ಹುಡುಗಿ ಮುಖ ತಿರುಗಿಸುತ್ತಿದ್ದಳು. ಬೆನ್ನು ಮಾಡಿ ಕೂತಾಗ ಇಬ್ಬರಿಗೂ ಸಲೀಸಾಯಿತು. ಅವತ್ತು ಹೊಡೆದದ್ದು ತಪ್ಪು, ನಿನ್ನ ಮೇಲಿನ ಸಿಟ್ಟಲ್ಲ, ನನ್ನ ಹೆದರಿಕೆ ಎಂದರು. ಮೈ ಮುಟ್ಟುವ ವಿಷಯ, ಯಾರೇ ಆಗಲಿ ಬೇಡವೆನ್ನಬಹುದು, ಹೇಳಿದರೆ ನಾನು ನಂಬುತ್ತೇನೆ, ಬಾಯಿ ಮುಚ್ಚು ಅನ್ನುವುದಿಲ್ಲ ಎಂಬುದನ್ನು ಹೇಳಿದರು. ಮಕ್ಕಳ ಸಹಾಯವಾಣಿ 1098 ಶಾಲೆಯ ಗೋಡೆಯ ಮೇಲೆ ಬರೆದಿದೆ ಎಂದು ಮಗಳೇ ಹೇಳಿದಳಂತೆ. ಭಯ ಮತ್ತು ಎಚ್ಚರಿಕೆಯನ್ನು ಬೇರ್ಪಡಿಸುವ ಕೆಲಸ ಬಹಳ ನಿಧಾನ. ಟ್ಯೂಷನ್ನಿಗೆ ಯಾರು ಬರುತ್ತಾರೆ, ಮನೆಯಲ್ಲಿ ಯಾರಿರುತ್ತಾರೆಂದು ವಿಚಾರಿಸುವುದು ಎಚ್ಚರಿಕೆ. ವಿಚಾರಿಸಿದ ಮೇಲೂ ಕಳಿಸಲಾಗದಿದ್ದರೆ ಅದು ಭಯ ಎಂದು ಹೆಸರಿಟ್ಟುಕೊಂಡೆವು. ಹೀಗೆ ಹೆಸರಿಟ್ಟ ಮೇಲೂ ಎಷ್ಟೋ ದಿನ ಭಯವೇ ಗೆದ್ದಿತು.

ಉಳಿದದ್ದನ್ನು ಬೇಗ ಹೇಳಬಹುದು. ಬಿಟ್ಟಿದ್ದ ಸ್ತ್ರೀಶಕ್ತಿ ಸಂಘದ ಸಭೆಗೆ ಮತ್ತೆ ಹೋಗತೊಡಗಿದರು. ಪಕ್ಕದ ಮಷಿನ್ನಿನ ಗೆಳತಿಗೆ, ನನಗೆ ಮನಸ್ಸಿನ ಕಾಯಿಲೆಗೆ ಮಾತ್ರೆ ನಡೀತಿದೆ ಎಂದು ಹೇಳಿದರು. ಆ ಗೆಳತಿ ಮಂಗಳವಾರಗಳಂದು ಆಕೆಯ ಮಗನನ್ನು ಶಾಲೆಯಿಂದ ಕರೆತರುವ ಹೊಣೆ ಹೊತ್ತರು. ರಾತ್ರಿಯ ವಿಷಯದಲ್ಲಿ, ಇವತ್ತು ಬೇಡ ಎಂದು ಹೇಳುವುದು, ಹೇಳಿದರೆ ಪತಿ ಮುನಿಯದೆ ಪಕ್ಕದಲ್ಲಿ ಮಲಗುವುದು, ಇಷ್ಟರಮಟ್ಟಿಗೆ ಬಂತು. ಬೇಡವೆನ್ನುವ ಹಕ್ಕಿದೆ ಎಂದು ಖಾತ್ರಿಯಾದ ಮೇಲೆ ಮೈ ಮರಗಟ್ಟುವುದು ಕಡಿಮೆಯಾಯಿತೆಂದು ಆಕೆ ಹೇಳಿದರು.

ಸಂಕ್ರಾಂತಿಯ ಮರುವಾರ 16ನೆಯ ಭೇಟಿ. ಅಂಕ 7ಕ್ಕೆ ಇಳಿದಿತ್ತು. ಆರತಿಯಾಗಿ ಎರಡು ವಾರಕ್ಕೆ 13 ಇತ್ತು. ಅಲ್ಲಿಂದ ಇಳಿದದ್ದು ನೇರವಾಗಿಯಲ್ಲ, ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬಾರದಿದ್ದಾಗ ಒಮ್ಮೆ ಮೇಲೇರಿ ಮತ್ತೆ ಇಳಿದಿತ್ತು. ಸರ್ಟ್ರಾಲಿನ್ ಮುಂದುವರಿಯಿತು. ತಲೆನೋವು ಪೂರ್ತಿ ಹೋಗಲಿಲ್ಲ. ತನ್ನ ಬಗ್ಗೆ ತನಗಿದ್ದ ಹೇಸಿಗೆ ಕಡಿಮೆಯಾದರೂ ಅಳಿಯಲಿಲ್ಲ. ಮುಟ್ಟಿನ ದಿನಗಳಲ್ಲಿ ಅದು ಹಿಂದಿನಷ್ಟೇ ಹಸಿಯಾಗಿರುತ್ತದೆ ಎಂದರು. ಅತ್ತೆಯ ಬಿಗುವು ಹಾಗೇ ಇತ್ತು. ಆ ಊರಿನಲ್ಲಿ ಅವನು ಮರ್ಯಾದಸ್ಥನಾಗಿಯೇ ಓಡಾಡುತ್ತಿದ್ದಾನೆ, ಮತ್ತು ಇದನ್ನು ಬರೆಯುವಾಗ ನನಗಿರುವ ನೋವು ಅದರದ್ದೇ. ಚಿಕಿತ್ಸೆಯಿಂದ ನ್ಯಾಯ ಸಿಗುವುದಿಲ್ಲ. ಸಿಕ್ಕಂತೆ ತೋರಿಸುವುದೂ ಸರಿಯಲ್ಲ.

ಮೂರು ತಿಂಗಳ ಬಳಿಕ, ಏಪ್ರಿಲ್ ರಜೆಯಲ್ಲಿ, ತಪಾಸಣೆಗೆ ಬಂದಾಗ ಅಂಕ 8. ಮಗಳು ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕೆಂದು ಹಟ ಹಿಡಿದಿದ್ದಳಂತೆ. ಆ ಗೆಳತಿಯ ತಾಯಿಯನ್ನು ಹೋಗಿ ಕಂಡು, ಮನೆಯಲ್ಲಿ ಯಾರ್ಯಾರು ಇರುತ್ತಾರೆ, ಎಲ್ಲಿ ಮಲಗಿಸುತ್ತೀರಿ ಎಂದೆಲ್ಲ ಕೇಳಿ, ಪತಿಯ ಜೊತೆ ಮಾತಾಡಿ, ಕಳಿಸಿದ್ದರು. ಆ ರಾತ್ರಿ ಹೇಗಿತ್ತು ಎಂದು ಕೇಳಿದೆ. ಎರಡು ಸಲ ಎಚ್ಚರವಾಯಿತು, ಒಂದು ಸಲ ಫೋನ್ ಕೈಗೆ ತೆಗೆದುಕೊಂಡೆ, ಪಕ್ಕದಲ್ಲಿ ಇವರೂ ಎದ್ದು ಕೂತಿದ್ದರು, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದೆವು, ಫೋನ್ ಮಾಡಲಿಲ್ಲ ಎಂದರು.